ಒಂದೇ ಕಿಕ್ಕಿನ ಬ್ಯಾಟರಿ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ತಿಕೋಟಾದ ದನದ ದವಾಖಾನೆಯಲ್ಲಿ ನೌಕರಿಗಿದ್ದೆ. ದನಗಳಿಗೆ ಸೂಜಿ ಹಾಕಲು ಹೊನವಾಡ, ಕಳ್ಳಕವಟಗಿ ಎಂದು ಹಳ್ಳಿ ತಿರುಗಬೇಕಿತ್ತು. ಎಲ್ಲವೂ ಬಂಡಿಗಾಲಿ ಕೊರೆದ ದಾರಿಗಳು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ. ಅದಕ್ಕೆಂದೇ ಒಂದು ಹಳೆಯ ಮೋಟರ್ ಸೈಕಲ್ ಕೊಂಡು, ಮಡ್‌ಗಾರ್ಡ್ ಮೇಲಕ್ಕೆತ್ತಿಸಿ, ದಪ್ಪ ಹಲ್ಲಿನ ಟಾಯರು ಹಾಕಿಸಿ, ಎಂಥ ಹೊಲವಿದ್ದರೂ ನುಗ್ಗುತ್ತಿದ್ದೆ. ಅದರ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ. ಆದರೆ ಅದರ ಬ್ಯಾಟರಿ ಸತ್ತುಹೋಗಿತ್ತು. ಕಾಲು ನೋಯುವವರೆಗೆ ಕಿಕ್ ಹೊಡೆದರೂ ಏಳುತ್ತಿರಲಿಲ್ಲ, ಯಾರಾದರೂ ಹಿಂದಿನಿಂದ ನೂಕಬೇಕು. ನಾನು ಗಾಡಿಯ ಹತ್ತಿರ ಹೋಗುವುದನ್ನು ಕಂಡರೆ ಸಾಕು, ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುತ್ತಿದ್ದರು.

ಹೀಗೇ ಎಷ್ಟು ದಿನ ಬೇಕಾದರೂ ದೂಡುತ್ತಿದ್ದೆನೇನೋ. ಅಷ್ಟರಲ್ಲಿ ಕನ್ಯೆ ನೋಡುವ ಮಾತು ಬಂತು. ಹುಡುಗಿ ಬಬಲೇಶ್ವರದ ಹತ್ತಿರದ ಜೈನಾಪುರದವಳು. ಸಂಬಂಧ ತಂದವರು ನಾನು ಬಾಡಿಗೆಗಿದ್ದ ಮನೆಯ ಮಾಲಕರು, ದನದ ಸಂತೆಯ ದಲ್ಲಾಳಿಯಾಗಿದ್ದ ಮುದುಕರು, ಊರಿಗೆಲ್ಲ ಚಾಚಾ. ಹುಡುಗಿಯ ತಂದೆ ಅವರ ಮುಖಾಂತರ ಎತ್ತು ಕೊಳ್ಳುತ್ತ ಗೆಳೆಯರಾದವರು. ಹಿಂದೊಮ್ಮೆ ನಾನೂ ಚಾಚಾನೂ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಒಬ್ಬ ಹುಡುಗಿ ಬುಟ್ಟಿ ಇಳಿಸಿಕೊಡದ ಕಂಡಕ್ಟರನಿಗೆ ಒಂದಿಷ್ಟೂ ದನಿ ಏರಿಸದೆ ನೀರಿಳಿಸುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಾನು ನೋಡಿದ್ದನ್ನು ಚಾಚಾ ನೋಡಿದರು. ಅವಳೇ ಇವಳು. ಆಗಬಹುದಾದರೆ ಇವಳೇ ಆಗಲಿ ಎಂದು ನನ್ನ ಮನಸ್ಸು ಹಟ ಹಿಡಿದಿತ್ತು. ಅಂಥ ಹುಡುಗಿಯ ಮನೆಯ ಮುಂದೆ ಗಾಡಿ ನೂಕಿಸಿಕೊಳ್ಳುವುದೆಂದರೆ ಮರ್ಯಾದೆಯ ಮಾತು.

ಹೀಗಾಗಿ ನಾವಿಬ್ಬರೂ ಹಳೆಯ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ವಿಜಾಪುರದ ಬಸ್ ಹತ್ತಿದೆವು. ಮೊದಲು ಹೋದದ್ದು ಒಂದು ಗ್ಯಾರೇಜಿಗೆ. ಅಲ್ಲಿಯವನು ಹಳೆಯ ಡಬ್ಬಿಗೆ ಬೇರೆ ತಟ್ಟೆ ಕೂರಿಸಿ, ಮೇಲೆ ಡಾಂಬರು ಮೆತ್ತಿ, ಹೊಸದರಂತೆ ಮಾಡಿಟ್ಟ ಒಂದು ಬ್ಯಾಟರಿ ತೋರಿಸಿದ. ಚಾಚಾ ಅದನ್ನು ಮುಟ್ಟಲೂ ಇಲ್ಲ. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ ಸಂತೆಗೆ ತರುವವರನ್ನು ಬಹಳ ಕಂಡಿದ್ದೇನೆ ಎಂದು ಹೇಳಿ ಹೊರಗೆ ನಡೆದರು.

ಎರಡನೆಯದು ಹೊಸ ಬ್ಯಾಟರಿಗಳ ಅಂಗಡಿ. ನನ್ನ ಕಣ್ಣು ನೇರವಾಗಿ ಹೋದದ್ದು ಮೂಲೆಯಲ್ಲಿದ್ದ ಕಾರಿನ ಬ್ಯಾಟರಿಯ ಮೇಲೆ. ಅದನ್ನು ಕ್ಯಾರಿಯರಿಗೆ ಕಟ್ಟಿದರೆ ಹಾರ್ನು ಲಾರಿಯಂತೆ ಕೂಗೀತು ಎಂಬ ಆಸೆ. ಅದು ಹನ್ನೆರಡು ವೋಲ್ಟಿನದು, ನಿಮ್ಮ ಗಾಡಿ ಆರರದು, ಬಲ್ಬು ಗಿಲ್ಬು ಎಲ್ಲ ಸುಟ್ಟು ಹೋಗುತ್ತವೆ ಎಂದು ಅಂಗಡಿಯವರು ನನ್ನ ಉತ್ಸಾಹಕ್ಕೆ ತಣ್ಣೀರು ಸುರಿದರು. ನಮ್ಮ ಗಾಡಿಯ ಡಬ್ಬಿಯಲ್ಲಿ ಕೂರುವಂಥ ಎರಡನ್ನು ಮುಂದಿಟ್ಟರು. ಒಂದು ಹಗುರ, ಅಗ್ಗ. ಇನ್ನೊಂದು ತುಸು ಭಾರ, ತುಸು ತುಟ್ಟಿ.

ಚಾಚಾ ಅಂಗಿಯ ತೋಳು ಮಡಚಿದರು. ಎರಡನ್ನೂ ಎತ್ತಿ ತೂಗಿದರು, ಮೈಯೆಲ್ಲ ಸವರಿದರು, ಬೆರಳ ಗೆಣ್ಣಿನಿಂದ ಕುಟ್ಟಿದರು. ಮೇಲಿನ ಬಿರಡೆಗಳನ್ನು ತೆಗೆಸಿ, ಎತ್ತಿನ ಹಲ್ಲು ನೋಡುವಂತೆ ಒಳಗೆ ಇಣುಕಿದರು. ಒಳಗೆ ಏನು ಕಂಡಿತೋ ದೇವರಿಗೇ ಗೊತ್ತು, ಭಾರದ್ದೇ ಇರಲಿ ಎಂದರು. ನಾನು ಹಗುರದ್ದೇ ಸಾಕು ಎಂದುಕೊಂಡಿದ್ದವನು, ಕಿಸೆಯ ರೊಕ್ಕ ಎಣಿಸತೊಡಗಿದೆ. ಅವರ ಮುಂದೆ ಯಾರದೂ ನಡೆಯುತ್ತಿರಲಿಲ್ಲ.

ಆಮೇಲೆ ಚಾಚಾ ಹೆಗಲ ಮೇಲಿನ ರುಮಾಲನ್ನು ತೆಗೆದು ತಮ್ಮ ಕೈಗೆ ಹೊದಿಸಿ ಅಂಗಡಿಯವರ ಮುಂದೆ ಚಾಚಿದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ರುಮಾಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ, ಪಕ್ಕದವನಿಗೂ ಗೊತ್ತಾಗಬಾರದು. ಪೇಟೆಯ ಅಂಗಡಿಯವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಮುದುಕರ ಕೈಗೆ ಏನೋ ಗಾಯವಾಗಿದೆ ಎಂದುಕೊಂಡು ಪಾಪ, ಕುರ್ಚಿ ಕೊಟ್ಟು ಕೂರಿಸಿದರು. ಚಾಚಾ ಬಿಡಲಿಲ್ಲ. ಅಂಗಡಿಯವರ ಕೈಯನ್ನು ರುಮಾಲಿನೊಳಗೆ ಎಳೆದುಕೊಂಡು ಬೆರಳು ಅದುಮಿದರು. ಅಂಗಡಿಯವರು ನನ್ನ ಮುಖ ನೋಡಿದರು, ನಾನು ಬೀದಿ ನೋಡಿದೆ. ಬೆಲೆಯೇನೂ ಇಳಿಯಲಿಲ್ಲ. ಕೈ ಬಿಡಿಸಿಕೊಳ್ಳುವ ಸಲುವಾಗಿಯೋ ಏನೋ, ಆಸಿಡ್ ತುಂಬಿ ರಾತ್ರಿ ಪೂರ್ತಿ ಚಾರ್ಜಿಗೆ ಇಡುವುದನ್ನು ಪುಕ್ಕಟೆ ಮಾಡಿಕೊಡುತ್ತೇನೆ ಎಂದರು. ಚಾಚಾ ಗೆದ್ದವರಂತೆ ರುಮಾಲು ಕೊಡವಿದರು.

ಮರುದಿನ ಹೋಗಿ ಬ್ಯಾಟರಿ ತಂದು ಕೂರಿಸಿದೆವು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ನನಗೆ ಕುಣಿಯುವಷ್ಟು ಖುಷಿ. ಕನ್ಯೆ ನೋಡಲು ಹೊರಡುವ ಮುನ್ನ ಚಾಚಾ ನನ್ನನ್ನು ಕೂರಿಸಿಕೊಂಡು ಗಂಭೀರವಾಗಿ ಬುದ್ಧಿ ಹೇಳಿದರು.

"ತಮ್ಮಾ, ಸಂತ್ಯಾಗ ಮಾಲಿನ ನಡಿಗಿ ತೋರಸಬೇಕು. ಹೊಂಡೂಮುಂದ ಒಂದ ಕಿಕ್ ಹೊಡಿ, ಒಂದ ಸಲ ಹಾರ್ನ್ ಹೊಡಿ, ತಿರುಗಿ ನೋಡದ ಹೋಗಿಬಿಡು. ಅವರು ನೋಡಕೋತ ನಿಂದರಬೇಕು."

ಅಕ್ಷರಶಃ ಹಾಗೆಯೇ ಮಾಡಿದೆ. ವಿಜಾಪುರದಿಂದ ಅವ್ವ ಬಸ್ಸಿನಲ್ಲಿ ನೇರವಾಗಿ ಜೈನಾಪುರಕ್ಕೆ ಬಂದಿದ್ದಳು. ಅವಲಕ್ಕಿ ಚಹಾ ಆಯಿತು. ಹುಡುಗಿ ಬಂದು ಕುಳಿತು ಎದ್ದು ಹೋದಳು. ಅವ್ವ ಇನ್ನೂ ಒಳಗೆ ಕುಂಕುಮ ಹಚ್ಚಿಸಿಕೊಳ್ಳುತ್ತಿರುವಾಗಲೇ ನಾನು ಹೊರಗೆ ಬಂದು, ಚಾಚಾನನ್ನು ಹಿಂದೆ ಹತ್ತಿಸಿಕೊಂಡು, ಒಂದು ಕಿಕ್ಕು, ಒಂದು ಹಾರ್ನು, ಧೂಳೆಬ್ಬಿಸಿ ಹೋಗಿಯೇಬಿಟ್ಟೆ. ತಿಕೋಟಾ ಮುಟ್ಟುವವರೆಗೂ ಚಾಚಾ ನನ್ನ ಬೆನ್ನು ತಟ್ಟುತ್ತಲೇ ಇದ್ದರು.

ಅವ್ವನಿಗೂ ಹುಡುಗಿ ಒಪ್ಪಿಗೆಯಾಗಿದ್ದಳು. ಆದರೆ ಅಮಾವಾಸ್ಯೆ ಕಳೆಯದೆ ಒಳ್ಳೆಯ ಮಾತು ಕಳಿಸಬಾರದು ಎಂದು ಹಿಡಿದಿಟ್ಟಿದ್ದಳು. ಅಷ್ಟರಲ್ಲಿ ಸಂತೆಯಿಂದ ಚಾಚಾ ಜೋಲು ಮುಖ ಹಾಕಿಕೊಂಡು ಬಂದರು. ಅಲ್ಲಿ ಹುಡುಗಿಯ ತಂದೆ ಸಿಕ್ಕಿದ್ದರಂತೆ. ಬೆಲೆ ಕೇಳದೆ ಎದ್ದು ಹೋದ ಗಿರಾಕಿಗೆ ಮಾಲು ಮನಸ್ಸಿಗೆ ಬಂದಿಲ್ಲವೆಂದೇ ಅರ್ಥ, ನಿಮ್ಮ ಹುಡುಗ ಓಡಿದ ರಭಸದಲ್ಲೇ ನಮಗೆ ಎಲ್ಲ ತಿಳಿಯಿತು, ಇರಲಿ, ಬೇರೆ ಕಡೆಯವರು ನೋಡಲು ಬರುವವರಿದ್ದಾರೆ ಎಂದರಂತೆ. ಚಾಚಾ ನಾವು ಮಾಲು ಒಯ್ದವರು ಎಂದುಕೊಂಡಿದ್ದರು. ಅವರು ನಮ್ಮನ್ನು ಗಿರಾಕಿ ಎಂದುಕೊಂಡಿದ್ದರು. ಈ ಇಬ್ಬರು ಸಂತೆಯ ಪಂಡಿತರ ನಡುವೆ ನನ್ನ ಸಂಸಾರ ಶುರುವಾಗುವ ಮೊದಲೇ ಮುಳುಗುವುದರಲ್ಲಿತ್ತು. ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಅವ್ವನ ಮಾತು ಮೀರಿ ನಾನೇ ಹೋಗಿ ಒಪ್ಪಿಗೆ ಎನ್ನುವಂತಿರಲಿಲ್ಲ. ಸುಮ್ಮನೆ ಕೂರುವಂತೆಯೂ ಇರಲಿಲ್ಲ. ಕೊನೆಗೆ ಒಂದು ಮುಂಜಾನೆ ಒಬ್ಬನೇ ಜೈನಾಪುರಕ್ಕೆ ಹೊರಟೆ. ಅವರ ಮನೆಯ ಮುಂದೆ ಎಂಜಿನ್ ನಿಲ್ಲಿಸಿ, ಆಚೀಚೆ ಯಾರೂ ಇಲ್ಲದ್ದು ನೋಡಿ, ಪಕ್ಕದ ಡಬ್ಬಿ ತೆಗೆದು ಆ ಹೊಸ ಬ್ಯಾಟರಿಯ ವಾಯರು ಕಿತ್ತೆ. ಓಡಿಹೋದವನು ಎನ್ನಿಸಿಕೊಂಡವನು ಈ ಸಲ ಅವರ ಬಾಗಿಲಿನಿಂದ ಕದಲಬಾರದು ಎಂಬುದು ನನ್ನ ಲೆಕ್ಕ. ಆಮೇಲೆ ಶುರುವಾಯಿತು ನೋಡಿ ನನ್ನ ಕಿಕ್ಕು.

ಹುಡುಗಿಯ ತಂದೆ ಹೊರಗೆ ಬಂದರು. ಬಿಗಿದ ಮುಖದಲ್ಲೇ ಏನಾಯಿತೆಂದು ಕೇಳಿದರು. ಈ ಕಡೆ ಹೊರಟಿದ್ದೆ, ಗಾಡಿ ಕೆಟ್ಟು ನಿಂತಿತು ಎಂದೆ. ಮನೆಯ ಮುಂದೆ ನಿಂತವನನ್ನು ಹಾಗೆಯೇ ಬಿಡುವ ಪೈಕಿಯವರಲ್ಲ ಅವರು. ಪಕ್ಕದ ಮನೆಯ ಇಬ್ಬರನ್ನು ಕರೆದು ತಾವೂ ನೂಕಲು ನಿಂತರು. ಬಾವಿಯ ತನಕ ನೂಕಿದರು, ಅಲ್ಲಿಂದ ಮತ್ತೆ ಮನೆಯ ತನಕ ನೂಕಿದರು. ವಾಯರು ಕಿತ್ತ ಗಾಡಿ ಗಪ್‌ಚಿಪ್. ಹಿರಿಯರ ಅಂಗಿ ಬೆವರಿನಿಂದ ತೊಯ್ದದ್ದು ನೋಡಿ ನನಗೆ ನಾಚಿಕೆಯಾಯಿತು. ಆದರೂ ಹೇಳಲಿಲ್ಲ. ಅವರು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತು ಒಳಗೆ ನೀರು ಕೇಳಿದರು.

ತಂಬಿಗೆ ಹಿಡಿದು ಹೊರಗೆ ಬಂದವಳು ಅವಳೇ. ತಂದೆಗೆ ಕೊಟ್ಟು, ಇನ್ನೊಂದನ್ನು ನನಗೆ ಕೊಡಲು ಗಾಡಿಯ ಹತ್ತಿರ ಬಂದಳು. ಅವಸರದಲ್ಲಿ ಮುಚ್ಚಿದ ಡಬ್ಬಿಯ ಸಂದಿಯಿಂದ ವಾಯರಿನ ತುದಿ ಹೊರಗೆ ಇಣುಕುತ್ತಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತಂಬಿಗೆ ಇಸಿದುಕೊಂಡು, ಇನ್ನೊಂದು ಕೈಯಿಂದ ಆ ತುದಿಯನ್ನು ಒಳಗೆ ತುರುಕಲು ನೋಡಿದೆ.

"ಅದನ್ನ ಆಮ್ಯಾಲ ಹಚ್ಚೀರಂತ, ಇರ್ಲಿ ಬಿಡ್ರಿ," ಎಂದಳು, ಕಂಡಕ್ಟರನಿಗೆ ಮಾತಾಡಿದ್ದ ಅದೇ ಮೆಲುದನಿಯಲ್ಲಿ. "ರೊಟ್ಟಿ ಬಡ್ಯಾಕತ್ತೇನಿ. ಉಂಡು ಹೋಗ್ರಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.