ಯಾವ ಬಂದೂಕು ಚಲೋ?

ಮಾತು ಬಲ್ಲವನಿಗಿ ಜಗಳಿಲ್ಲ ಅಂತಾರ. ನಮ್ಮನಿಯವರಿಗಿ ಜಗಳ ಬಿಟ್ರ ಬ್ಯಾರೆ ಮಾತೇ ಬರ್ತಿರಲಿಲ್ಲ. ಅದೂ ಹೊಲ-ಮನಿ ಸಲುವಾಗಿ ಅಲ್ಲ, ಎಲೆಕ್ಷನ್ ಸಲುವಾಗಿ ಅಲ್ಲ, ಬಂದೂಕಿನ ಸಲುವಾಗಿ. ಮಿಲಿಟರಿಯೊಳಗ ಹವಾಲ್ದಾರ ಆಗಿ, ಪಿಂಚಣಿ ಮ್ಯಾಲ ಸುರಪುರಕ್ಕ ಬಂದವರು. ಬಂದ ಮ್ಯಾಲ ಶಹಾಪುರದ ಒಂದು ಬ್ಯಾಂಕಿನ ಬಾಗಲದಾಗ ಜೋಡನಳಿಗಿ ಬಂದೂಕು ಹಿಡಕೊಂಡು ಒಂದಷ್ಟು ವರ್ಷ ನಿಂತ್ರು. ಆ ಬಂದೂಕಿನ ಮ್ಯಾಲ ಅವರಿಗಿ ಎಳ್ಳಷ್ಟೂ ಮರ್ಯಾದಿ ಇರಲಿಲ್ಲ. ಕಾಗಿ ಹೆದರಸಾಕ ಚಲೋ ಅದ ಅಂತಿದ್ರು. ಅವರ ಜೀವ ಇದ್ದದ್ದು ಮಿಲಿಟರಿಯೊಳಗ ತಾವು ಹೊತ್ತು ತಿರುಗಿದ ಎಸ್ಸೆಲ್ಲಾರ್ ರೈಫಲ್ಲಿನ ಮ್ಯಾಲ.

ಜಗಳಕ್ಕ ಜೋಡಿ ಬೇಕಲ್ಲ? ಅದನ್ನೂ ದೇವರು ನಮ್ಮ ಓಣ್ಯಾಗೇ ಇಟ್ಟಿದ್ದ. ಮೂಲಿ ಮನಿಯವ. ಇವರಕಿಂತ ಸಣ್ಣವ, ಅವನೂ ಮಿಲಿಟರಿ ಮನಷಾನೇ, ಆದ್ರ ಸೇರಿದ್ದು ತಡ. ಅಷ್ಟೊತ್ತಿಗಿ ಎಸ್ಸೆಲ್ಲಾರ್ ಹೋಗಿ ಇನ್ಸಾಸ್ ಅನ್ನೋ ಹೊಸ ರೈಫಲ್ ಬಂದಿತ್ತು. ಸಂಜಿಮುಂದ ನಮ್ಮ ಮನಿ ಕಟ್ಟಿ ಮ್ಯಾಲ ಇಬ್ಬರೂ ಕುಂತ್ರು ಅಂದ್ರ ಮುಗೀತು, ನಾ ಚಾ ಕಾಸಿ ಕಾಸಿ ಸುಸ್ತಾಗಬೇಕು.

ಇವರದು ಏನಂದ್ರ, ತಮ್ಮ ಗುಂಡು ದಪ್ಪ, ವಜನ ಅದ, ದೂರ ಹೋಗತದ, ಗಾಳಿ ಬೀಸಿದ್ರೂ ದಾರಿ ಬಿಡಂಗಿಲ್ಲ. ಗಿಡದ ಹಿಂದ ಅಡಗಿ ಕುಂತವನಿಗೂ ಬಿಡಂಗಿಲ್ಲ. ಒಂದು ಬಿತ್ತು ಅಂದ್ರ ಸಾಕು, ಎರಡನೇದು ಬೇಕಾಗಿಲ್ಲ. ಅವ ಬಿಡಾವಲ್ಲ. ಅಣ್ಣಾ, ನಿಮ್ಮದು ಹಾರಿಸಿದ ಕೂಡ್ಲೇ ಹೆಗಲಿಗಿ ಒದಿತದ, ಎರಡನೇ ಗುಂಡಿಗಿ ಗುರಿ ಎಲ್ಲಿ ಉಳಿತದ ಅನ್ನಾವ. ನಮ್ಮದು ಸಣ್ಣ ಗುಂಡು, ಜೋರು ಹೋಗತದ, ಒದಿಯಂಗಿಲ್ಲ, ಒಂದರ ಬೆನ್ನಿಗಿ ಒಂದು ಅಲ್ಲೇ ಬೀಳತಾವ, ನೀವು ಒಂದು ಗುಂಡು ಹೊರೋ ವಜನದಾಗ ನಾವು ಎರಡು ಹೊರತೀವಿ ಅನ್ನಾವ. ಅದಕ್ಕ ಇವರು, ನಿಮ್ಮ ಪ್ಲಾಸ್ಟಿಕ್ ಮ್ಯಾಗಜಿನ್ ಥಂಡ್ಯಾಗ ಸೀಳತದಲ್ಲೋ, ಅದರಾಗ ಗುಂಡು ತುಂಬೋದಕಿಂತ ಉಪ್ಪಿನಕಾಯಿ ತುಂಬೋದು ಚಲೋ ಅನ್ನೋರು. ಮಾತುಮಾತಿಗಿ ಎರಡು ನಂಬರ. ಇವರದು ಸೆವೆನ್ ಸಿಕ್ಸ್ ಟೂ, ಅವಂದು ಫೈವ್ ಫೈವ್ ಸಿಕ್ಸ್. ರೊಟ್ಟಿ ಬಡಿಯೋ ಸಪ್ಪಳದಾಗೂ ಕೇಳಿ ಕೇಳಿ ನನಗ ಬಾಯಿಪಾಠ ಆಗಿದ್ವು. ಅವು ಏನು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗ ತಿಳಿದಷ್ಟು ನಾ ತಿಳಕೊಂಡಿದ್ದೆ.

ನನ್ನ ಹೆಸರು ಅವರ ಬಾಯಾಗ ಎಂದೂ ಬಂದಿಲ್ಲ. ಅವರ ಹೆಸರು ನಾನೂ ಹೇಳಂಗಿಲ್ಲ ಬಿಡ್ರಿ, ನಮ್ಮ ಕಡಿ ಪದ್ಧತಿನೇ ಹಂಗ. ಆದ್ರ ಮಂದಿ ಗಂಡಂದಿರು ಏ ಅಂತಾರ, ಕೇಳಿಲ್ಲಿ ಅಂತಾರ, ಮಗನ ಹೆಸರು ಹಿಡಿದು ಅವರವ್ವ ಅಂತಾರ. ಇವರಿಗಿ ನಾ ಹುಚ್ಚಿ. ಹುಚ್ಚಿ, ನೀರು ಕೊಡು. ಹುಚ್ಚಿ, ನನ್ನ ಚಸ್ಮಾ ಎಲ್ಲಿ. ಬೀಗರು ಬಂದು ಕುಂತಾಗ ಸುದ್ದಾ ಹುಚ್ಚಿ. ನನಗ ಮೈಯೆಲ್ಲ ಉರಿತಿತ್ತು. ಸೊಸಿ ಮನಿಗಿ ಬಂದ ಹೊಸದಾಗಿ, ಇನ್ನರ ಬಿಡ್ರಿ, ಮರ್ಯಾದಿ ಹೋಗತದ ಅಂತ ಕೈ ಮುಗಿದೆ. ಆತು ಬಿಡು ಹುಚ್ಚಿ, ಇನ್ನ ಅನ್ನಂಗಿಲ್ಲ ಅಂದ್ರು. ಇಂಥವರ ಕೂಡ ಏನು ಮಾತಾಡಬೇಕು ಹೇಳ್ರಿ.

ಹೋದ ವರ್ಷ ಮಳಿಗಾಲ ಮುಗಿಯೋ ಹೊತ್ತಿಗಿ, ಮುಂಜಾನಿ ಜಳಕಕ್ಕ ಹೋದವರು ಬಚ್ಚಲದಾಗ ಕುಸಿದು ಬಿದ್ರು. ಲಕ್ವಾ ಹೊಡದಿತ್ತು. ಯಾದಗಿರಿ ದವಾಖಾನಿಗಿ ಒಯ್ದಿವಿ. ಜೀವ ಉಳೀತು, ಬಲಗೈ ಬಲಗಾಲು ಬಿದ್ದು ಹೋದ್ವು, ಮಾತೂ ಹೋತು. ಡಾಕ್ಟರು ನನ್ನ ಕುಂದರಿಸಿ ಸಮಾಧಾನದಿಂದ ತಿಳಿಸಿ ಹೇಳಿದ್ರು. ಅವರಿಗಿ ಎಲ್ಲಾ ತಿಳಿತದ, ಮಾತು ಹೊರಗ ಬರೋ ದಾರಿ ಕೆಟ್ಟದ ಅಷ್ಟೇ. ದಿನಾ ಮಾತಾಡಸ್ರಿ. ಏನು ಬರತದೋ ಅದು ಬರಲಿ, ಸುಮ್ಮನ ಮಾತ್ರ ಬಿಡಬ್ಯಾಡ್ರಿ, ಈಗಿನ ತಿಂಗಳುಗಳು ಹೋದ್ರ ಆಮ್ಯಾಲ ಭಾಳ ಕಷ್ಟ ಅಂದ್ರು. ನನ್ನ ಎದಿಯಾಗ ಆ ಮಾತು ಕುಂತುಬಿಡ್ತು.

ಮನಿಗಿ ಬಂದ ಮ್ಯಾಲ ಚರಗಿ ತೋರಿಸಿ ಇದೇನು ಅಂದೆ. ತಾಟು ತೋರಿಸಿ ಇದೇನು ಅಂದೆ. ಗೋಡಿ ಕಡಿ ಮುಖ ತಿರುವಿದ್ರು. ಮಂದಿಗಿ ಹುಕುಂ ಕೊಟ್ಟ ಹವಾಲ್ದಾರಗ ಚರಗಿ ಅನ್ನು ಅಂದ್ರ ಸಿಟ್ಟು ಬರದ ಇರತದೇನು? ಅಬ್ಬೆತುಮಕೂರು ಮಠಕ್ಕ ಹೋಗಿ ವಿಭೂತಿ ತಂದು ಹಣಿಗಿ ಹಚ್ಚಿದೆ. ಹಚ್ಚಿಸಿಕೊಂಡ್ರು, ಬಾಯಿ ಬಿಡಲಿಲ್ಲ. ಕಣ್ಣಾಗ ನೀರು ತುಂಬತಿದ್ವು, ನಾ ನೋಡಬಾರದಂತ ಮತ್ತ ಗೋಡಿ ಕಡಿ ತಿರುಗತಿದ್ರು. ನಾ ಚರಗಿ ಎತ್ತಿಕೊಂಡು ಒಳಗ ಹೋಗತಿದ್ದೆ.

ಮೂಲಿ ಮನಿಯವ ಮೊದಲನೇ ಸಲ ಬಂದಾಗ ಮಂಚದ ಕಾಲದೆಸಿಗಿ ನಿಂತು ಅತ್ತು ಹೋಗಿಬಿಟ್ಟ. ಮರುದಿನ ಬಂದವ ಬ್ಯಾರೆನೇ ಮನಷಾ. ಸ್ಟೂಲ್ ಎಳಕೊಂಡು ಕುಂತ, ಆರಾಮ ಇದ್ದೀರೇನು ಅಂತ ಸುದ್ದಾ ಕೇಳಲಿಲ್ಲ. ಅಣ್ಣಾ, ನಿಮ್ಮ ಎಸ್ಸೆಲ್ಲಾರ್ ನೂರು ಮೀಟರ್ ದಾಟಿದ್ರ ಗುರಿ ಹಿಡಿಯಂಗಿಲ್ಲಂತ, ಆನಿ ಹೊಡದ್ರ ಆನಿಗೂ ತಗಲಂಗಿಲ್ಲಂತ ಅಂದ. ನಾ ಒಳಗ ಸಾರು ತಿರುವಾಕತ್ತಿದ್ದೆ. ಸೌಟು ಕೈಯಾಗ ಹಿಡಕೊಂಡೇ ಹೊರಗ ಬಂದೆ. ಮಾತು ಸತ್ತು ಮಲಗಿದ ಮನಷಾನ ಮುಂದ ಕುಂತು ಕೆಣಕತಾನಲ್ಲ, ಇವನಿಗಿ ಕರುಳು ಅನ್ನೋದು ಅದೋ ಇಲ್ಲೋ? ಎಬ್ಬಿಸಿ ಕಳಸಬೇಕು ಅಂತ ಬಾಯಿ ತೆರಿಯೋದ್ರಾಗ ಇವರ ಗಂಟಲದಾಗ ಏನೋ ಗರಗರ ಅಂತು. ಮುಖ ಕೆಂಪಾತು. ಎಡಗೈ ಎತ್ತಿದ್ರು. ಸೆ, ಸೆ ಅಂದ್ರು. ಆಮ್ಯಾಲ ಪೂರಾ ಸೆವೆನ್ ಅಂದ್ರು.

ಸಾರು ಒಲಿ ಮ್ಯಾಲ ಉಕ್ಕಿ ಹೋತು, ನನಗ ಖಬರಿಲ್ಲ. ಅವ ನನ್ನ ಕಡಿ ನೋಡಿ ಕಣ್ಣಿಲೆ ಸನ್ನಿ ಮಾಡಿದ. ಆವಾಗ ನನಗ ತಿಳೀತು ಅವ ಏನು ಮಾಡಾಕತ್ತಾನ ಅಂತ. ನಾ ಒಳಗ ಹೋಗಿ ಅವನ ಸಲುವಾಗಿ ಚಾಕ್ಕ ಇಟ್ಟೆ.

ಅಂದಿನಿಂದ ದಿನಾ ಬಂದು ಒಂದು ಸುಳ್ಳು ಹೇಳಾವ. ಎಸ್ಸೆಲ್ಲಾರ್ ಹೊತ್ತು ನಿಮ್ಮ ಹೆಗಲು ಒಂದು ಕಡಿ ಇಳದದ ಅನ್ನಾವ. ನಮ್ಮ ಮ್ಯಾಗಜಿನ್ ಎಂದೂ ಸೀಳಿಲ್ಲ ಅನ್ನಾವ. ಇವರು ಹಲ್ಲು ಕಚ್ಚಿ, ಬೆವರಿ, ಒಂದೊಂದು ಮಾತು ಹೊರಗ ಎಳೆಯೋರು. ಸೆವೆನ್ ಸಿಕ್ಸ್ ಟೂ ಪೂರ್ತಿ ಬಂತು. ಥಂಡ್ಯಾಗ ಸೀಳತದ ಅನ್ನೋದು ಬಂತು. ಸುಳ್ಳ ಅನ್ನೋದು ಬಂತು, ಹೋಗಲೇ ಅನ್ನೋದಂತೂ ಭಾಳ ಸಾಫ್ ಬಂತು.

ನನಗ ಮಾತ್ರ ಒಂದು ಮಾತಿಲ್ಲ. ನೀರು ಬೇಕಾದ್ರ ಚರಗಿ ಕಡಿ ಬೊಟ್ಟು, ಹಸಿವಾದ್ರ ಹೊಟ್ಟಿ ಮ್ಯಾಲ ಕೈ. ಅವ ಎದ್ದು ಹೋದ ಕೂಡ್ಲೇ ಬಾಯಿ ಬಂದ್. ಸುಳ್ಳು ಯಾಕ ಹೇಳಲಿ, ನನಗ ಹೊಟ್ಟಿಕಿಚ್ಚು ಆಗತಿತ್ತು. ಮಕಾ ತೊಳಿಯಾಕಿ ನಾನು, ಎತ್ತಿ ಕುಂದರಸಾಕಿ ನಾನು, ತುತ್ತು ಮಾಡಿ ಹಾಕಾಕಿ ನಾನು, ಮಾತು ಮಾತ್ರ ಆ ಹಾಳಾದ ಬಂದೂಕಿಗಿ. ಒಮ್ಮೆ ಹುಚ್ಚಿ ಅಂದ್ರ ಸಾಕಾಗಿತ್ತು. ಯಾವ ಮಾತಿಗಿ ಜೀವಮಾನ ಸಿಡಿಮಿಡಿ ಅಂದೆನೋ ಅದೇ ಮಾತಿಗಿ ಕಿವಿ ಕೊಟ್ಟು ಕುಂತಿದ್ದೆ.

ಅಷ್ಟರಾಗ ತೊಗರಿ ರಾಶಿ ಬಂತು. ಮೂಲಿ ಮನಿಯವಂದು ಶಿರವಾಳದ ಕಡಿ ಹೊಲ ಅದ. ರಾಶಿ ಮುಗಿಯೋ ತನಕ ಅಲ್ಲೇ ಇರಬೇಕು. ಹೋಗೋ ಮುಂದ ನನ್ನ ಹೊರಗ ಕರದು ಮೆಲ್ಲಕ ಹೇಳಿದ.

‘ವೈನಿ, ಅಣ್ಣನ ಬಾಯಿ ಮುಚ್ಚಗೊಡಬ್ಯಾಡ್ರಿ. ನೀವೇ ಜಗಳ ತೆಗೀರಿ.’

ನನಗೇನು ತಿಳಿತದೋ ತಮ್ಮಾ ಅಂದೆ. ಎಸ್ಸೆಲ್ಲಾರ್ ಗುರಿ ಸರಿ ಇಲ್ಲ ಅನ್ರಿ ಸಾಕು, ಮುಂದಿಂದು ಅವರೇ ನೋಡಕೋತಾರ ಅಂದು ಬಸ್ಸಿಗಿ ಹೋದ.

ಮರುದಿನ ಅದೇ ಸ್ಟೂಲಿನ ಮ್ಯಾಲ ಕುಂತು ನಾ ಪಾಠ ಒಪ್ಪಿಸಿದೆ. ಎಸ್ಸೆಲ್ಲಾರ್ ಗುರಿ ಸರಿ ಇಲ್ಲಂತ ನೋಡ್ರಿ. ಅವರು ನನ್ನ ಮುಖ ನೋಡಿದ್ರು. ಯಾರು ಕಲಿಸಿಕೊಟ್ಟು ಹೋಗ್ಯಾರ ಅಂತ ಒಂದೇ ಗಳಿಗಿಗಿ ಗೊತ್ತಾತು ಅವರಿಗಿ. ಕಣ್ಣು ಮುಚ್ಚಿದ್ರು. ಅದರ ಮರುದಿನ ಮ್ಯಾಗಜಿನ್ ಸುದ್ದಿ ತೆಗದೆ. ಗೋಡಿ ಕಡಿ ತಿರುಗಿದ್ರು. ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು. ದಿನ ಹೋದಂಗ ಸೆವೆನ್ ಅನ್ನೋದೂ ನಿಂತು ಹೋತು, ಕಡೀಕಡೀಗಿ ಅನ್ನ ಕಲಸಿ ಬಾಯಿತನಕ ಒಯ್ದ್ರ ತುಟಿ ಬಿಗಿ ಹಿಡಿಯಾಕತ್ತಿದ್ರು. ಡಾಕ್ಟರ ಮಾತು ನೆನಪಾಗಿ ನನಗ ಅಂಜಿಕಿ ಹತ್ತಿತು. ಬಂದ ನಾಕು ಮಾತೂ ಹೋದ್ರ ಇವರು ಹಿಂಗೇ ಗೋಡಿ ನೋಡಕೋತ ಉಳಿತಾರಲ್ಲ ಅಂತ.

ಒಂದು ಮಧ್ಯಾಹ್ನ ಮಂಚದ ಬಾಜೂಕ ಕುಂತು ಕಾಳು ಹಸನ ಮಾಡಾಕತ್ತಿದ್ದೆ. ಕೇರೋ ಮರದಾಗ ತೊಗರಿ ಇತ್ತು, ಮಗ್ಗಲದ ಬುಟ್ಯಾಗ ಕಡಲಿ. ಊಟ ಹಂಗೇ ತಾಟಿನಾಗ ಆರಿ ಹೋಗಿತ್ತು. ನನಗ ಎಲ್ಲಿಲ್ಲದ ಸಿಟ್ಟು ಬಂತು. ಕಲಿಸಿದ ಮಾತೆಲ್ಲ ಮರತು ನನ್ನ ಸ್ವಂತದ್ದು ಬಾಯಿಗಿ ಬಂತು.

‘ಇಷ್ಟು ವರ್ಷ ಅವನ ಕೂಡ ಕಚ್ಚ್ಯಾಡೀರಲ್ಲ, ಅದರಾಗ ಕಚ್ಚ್ಯಾಡೋದು ಏನಿತ್ತು? ನಿಮ್ಮದು ಏಳನೂರಾ ಅರವತ್ತೆರಡು ಮೀಟರ್ ಹೋಗತದ, ಅವಂದು ಐನೂರಾ ಐವತ್ತಾರು ಮೀಟರ್ ಹೋಗತದ. ನಿಮ್ಮದೇ ದೂರ ಹೋಗತದಂತ ನಂಬರೇ ಹೇಳತದ. ಪೊಲೀಸರ ಹಳೇ ತ್ರೀ ನಾಟ್ ತ್ರೀ ಬರೇ ಮುನ್ನೂರಾ ಮೂರು ಮೀಟರ್ ಹೋಗತಿತ್ತು, ಅದಕ್ಕೇ ಸರಕಾರದವರು ಅದನ್ನ ತೆಗದು ಹಾಕಿದ್ರು. ಇಷ್ಟು ನನಗೇ ತಿಳಿತದ, ನಿಮಗ ತಿಳಿಯಲಿಲ್ಲೇನು?’

ಖರೇನೇ ನಾ ಹಂಗೇ ತಿಳಕೊಂಡಿದ್ದೆ. ಆ ನಂಬರ ಅಂದ್ರ ಗುಂಡು ಹೋಗೋ ದೂರ ಅಂತ. ಕಟ್ಟಿ ಮ್ಯಾಲ ಅವರ ಜಗಳ ಶುರು ಆದಾಗಿನಿಂದ ಅದರ ಮ್ಯಾಲ ನನಗ ಒಂದು ದಿನ ಅನುಮಾನ ಬಂದಿರಲಿಲ್ಲ.

ಅವರು ಮೆಲ್ಲಕ ಇತ್ತಾಗ ತಿರುಗಿದ್ರು. ನನ್ನ ಮುಖ ದಿಟ್ಟಿಸಿ ನೋಡಿದ್ರು, ಇಕಿ ಚ್ಯಾಷ್ಟಿ ಮಾಡಾಕತ್ತಾಳೋ ಖರೇ ಅನ್ನಾಕತ್ತಾಳೋ ಅಂತ. ನಾ ಸಿಟ್ಟಿಲೆ ಉಸಿರು ಬಿಡಾಕತ್ತಿದ್ದೆ. ಅವರ ಹೊಟ್ಟಿ ಅಲುಗಾಡಿತು. ಬಾಯಿ ಒಂದೇ ಕಡಿ ಅಗಲ ಆತು. ನಗಾಕತ್ತಿದ್ರು. ಬಿದ್ದ ದಿನದಿಂದ ಮೊದಲನೇ ಸಲ, ಕಣ್ಣೀರು ಇಳಿಯೋ ಹಂಗ, ಸಪ್ಪಳ ಮಾಡಿ ನಗಾಕತ್ತಿದ್ರು.

‘ಹು...’ ಅಂದ್ರು. ನಾ ಮರ ಕೆಳಗ ಇಟ್ಟೆ.

‘ಹುಚ್ಚಿ.’

ನಾ ಏನಂದೆನೋ ನನಗ ನೆನಪಿಲ್ಲ. ಸೊಸಿ ಒಳಗಿಂದ ಓಡಿ ಬಂದಿದ್ದು ನೆನಪದ. ಅತ್ತಿ, ಯಾಕ ಅಳಾಕತ್ತೀರಿ ಅಂತ ಕೇಳಿದಳು. ನಿಮ್ಮ ಮಾವ ನನಗ ಹುಚ್ಚಿ ಅಂದ್ರವಾ ಅಂದೆ. ಅದರಾಗ ಅಳೋದು ಏನದ ಅಂತ ಪಾಪ ಅದಕ್ಕ ತಿಳಿಯಲೇ ಇಲ್ಲ.

ಅವರು ಎಡಗೈ ಚಾಚಿ ಬುಟ್ಯಾಗಿಂದ ಒಂದು ಕಡಲಿಕಾಳು ತಗೊಂಡ್ರು. ನನ್ನ ಅಂಗೈ ಬಿಡಿಸಿ ಅದರಾಗ ಇಟ್ಟು, ನಂದು ಅಂದ್ರು. ಮರದಾಗಿಂದ ಒಂದು ತೊಗರಿಕಾಳು ತಗೊಂಡು ಅದರ ಮಗ್ಗಲಿಗಿ ಇಟ್ಟು, ಅವಂದು ಅಂದ್ರು. ಆಮ್ಯಾಲ ಹೆಬ್ಬಟ್ಟು ಬೊಟ್ಟು ಕೂಡಿಸಿ ಸಣ್ಣ ತೂತು ಮಾಡಿ ತೋರಿಸಿ, ಬಾಯಿ, ಅಗಲ, ಮಿಲಿಮೀಟರ ಅಂದ್ರು. ಅಷ್ಟೊತ್ತಿಗಿ ನನಗ ಬೆಳಕಾತು. ನಂಬರು ಹೇಳೋದು ದೂರ ಅಲ್ಲ, ನಳಿಗಿ ಬಾಯಿ ಎಷ್ಟು ಅಗಲ ಅಂತ. ಮೊದಲನೇ ಅಂಕಿ ಆದ ಮ್ಯಾಲ ಪಾಯಿಂಟ್ ಇಟ್ಟು ಓದಿದ್ರ ಏಳೂವರಿ ಮಿಲಿಮೀಟರಿನ ಮ್ಯಾಲ ಒಂದೀಟು ಅವರದು, ಐದೂವರಿ ಮ್ಯಾಲ ಒಂದೀಟು ಅವಂದು. ಅಂಗೈಯಾಗ ಎರಡೂ ಕಾಳು ನೋಡಿದೆ. ಇಷ್ಟೇ ಫರಕಿಗಿ ಇಬ್ಬರೂ ಕೂಡಿ ನನ್ನ ಕೈಲೆ ಅಷ್ಟು ಚಾ ಮಾಡಿಸಿದ್ರೇನು ಅಂದೆ. ಮತ್ತ ನಕ್ರು. ಆರಿದ ಊಟ ಬಿಸಿ ಮಾಡಿ ತಂದೆ, ಉಂಡ್ರು.

ಅದಾದ ಮ್ಯಾಲ ಎಲ್ಲಾ ಮಾತು ಬಂತು ಅಂತ ತಿಳಕೋಬ್ಯಾಡ್ರಿ, ಇನ್ನೂ ಬಂದಿಲ್ಲ. ನೀರು ಅನ್ನಾಕ ಹೋಗಿ ಬ್ಯಾರೆ ಏನೋ ಅಂತಾರ, ಸಿಟ್ಟಿಗೇಳತಾರ. ಆದ್ರ ಅದರ ಮುಂದ ಹುಚ್ಚಿ ಅನ್ನೋದು ತಪ್ಪಂಗಿಲ್ಲ.

ರಾಶಿ ಮುಗಿಸಿ ಮೂಲಿ ಮನಿಯವ ಹೊಸ ತೊಗರಿ ಚೀಲ ಹೊತ್ತುಕೊಂಡು ಬಂದ. ಅದನ್ನ ಬಾಗಲದಾಗ ಇಳಿಸಿ, ಸ್ಟೂಲ್ ಎಳಕೊಂಡು ಕುಂತು, ಪುರಸೊತ್ತಿಲ್ಲದ ಚಾಲೂ ಮಾಡಿದ. ಅಣ್ಣಾ, ಎಷ್ಟರ ಹೇಳ್ರಿ, ದೂರದ ಗುರಿಗಿ ನಮ್ಮ ಫೈವ್ ಫೈವ್ ಸಿಕ್ಸೇ ಚಲೋ. ನಾ ಒಳಗ ರೊಟ್ಟಿ ಬಡಿಯೋದು ನಿಲ್ಲಿಸಿ ಕಿವಿ ಕೊಟ್ಟೆ, ಇನ್ನ ಶುರು ಆಗತದ ಅಂತ. ಇವರು ಎಡಗೈ ಎತ್ತಿ ಅವನ ಮಾತು ತಡದ್ರು. ಅಡಗಿಮನಿ ಕಡಿ ಬೊಟ್ಟು ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದ್ರು.

‘ಆ ಹುಚ್ಚಿನ್ನ ಕೇಳು.’

ನಾ ಹಿಟ್ಟಿನ ಕೈಯಾಗೇ ಡಬ್ಬಿ ತೆರದು ಒಂದು ಕಡಲಿಕಾಳು ತಗೊಂಡು ಹೊರಗ ಬಂದೆ.