ಟಕ್ ಅನ್ನುವ ಮೌಸು

ಪಟ್ಟಣದ ಚರಂಡಿಗಳ ನಕ್ಷೆ ಬರೆಯುವ ಗುಮಾಸ್ತನಿಗೆ ಮೌಸಣ್ಣ ಎಂದು ಹೆಸರಿಟ್ಟವರು ಕಚೇರಿಯವರೇ. ಬೆರಳಲ್ಲಿ ಮುಟ್ಟಿದರೆ, ಬಾಯಲ್ಲಿ ಹೇಳಿದರೆ ತಾನೇ ಗೆರೆ ಎಳೆಯುವ ಯಂತ್ರ ಬಂದ ಮೇಲೂ ಅವನು ಕಂಪ್ಯೂಟರಿನ ಬಾಲವಿರುವ ಹಳೆ ಮೌಸನ್ನು ಬಿಟ್ಟವನಲ್ಲ. ‘ಚರಂಡಿ ಎಳಿ ಅಂದ್ರೆ ಅದು ಸಾಹೇಬ್ರ ಅಡುಗೆಮನೇಲೇ ಎಳೀತು ಕಣ್ರೀ, ಅಳಿಸೋಕೆ ನಂಗೂ ಮನಸ್ಸಾಗಲಿಲ್ಲ’ ಎನ್ನುತ್ತಾನೆ. ಬೆಳಿಗ್ಗೆ ಬಂದವನೇ ಅಂಗಿಯ ಚುಂಗಿನಿಂದ ಮೌಸಿನ ಹೊಟ್ಟೆ ಒರೆಸುತ್ತಾನೆ, ಊಟಕ್ಕೆ ಎದ್ದರೆ ಅದಕ್ಕೆ ಕರವಸ್ತ್ರ ಹೊದಿಸುತ್ತಾನೆ. ಗುಜರಿಗೆ ಹೊರಟ ಮೌಸುಗಳ ಬುಟ್ಟಿ ಕಂಡರಂತೂ ಮುಗಿಯಿತು, ಒಂದೊಂದನ್ನೂ ಕಿವಿಗೆ ಹಿಡಿದು, ಕಿರುಬೆರಳಿಂದ ಮೆಲ್ಲಗೆ ಒತ್ತಿ, ಬಟನ್ ಗಟ್ಟಿಯಿದ್ದರೆ ಮುಖ ಸಿಂಡರಿಸಿ ಪಕ್ಕಕ್ಕೆಸೆದು, ಮೆತ್ತಗಿನದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ‘ಮನೇಲಿ ಬೆಕ್ಕೇನಾದ್ರೂ ಸಾಕಿದ್ದೀರಾ ಮೌಸಣ್ಣ?’ ಎಂದು ಜವಾನ ಕೆಣಕಿದರೆ, ‘ನಮ್ಮ ಮನೆಯವಳಿಗೆ ಕಣಯ್ಯ’ ಎನ್ನುತ್ತಾನೆ, ಎಲ್ಲರೂ ನಗುತ್ತಾರೆ. ಲಕ್ವ ಹೊಡೆದು ಮಲಗಿರುವ ಅವನ ಹೆಂಡತಿಗೆ ಮಾತು ನಿಂತು ಹೋಗಿದೆ, ಆಡುವುದು ಒಂದೇ ಬೆರಳು, ಅದರಡಿಯಲ್ಲಿ ತಂತಿ ಕತ್ತರಿಸಿದ ಮೌಸು. ಒಂದು ಸಲ ಟಕ್ ಅಂದರೆ ಹೂಂ, ಎರಡು ಸಲ ಅಂದರೆ ಬೇಡ. ಮೊದಲೆಲ್ಲ ಸಿಟ್ಟು ಬಂದರೆ ಟಕಟಕ ಬಡಿದು ಅವನ ಜನ್ಮ ಜಾಲಾಡುತ್ತಿದ್ದಳು. ಹೊಸ ಯಂತ್ರಗಳಿಗೆ ಒತ್ತಲು ಬಟನ್ನೂ ಇಲ್ಲ, ಸದ್ದೂ ಇಲ್ಲ. ಅವಳ ಬೆರಳಿನ ಕಸುವು ಇಳಿದಂತೆಲ್ಲ ಅವನು ಇನ್ನೂ ಮೆತ್ತಗಿನ ಬಟನ್ ಹುಡುಕುತ್ತ ಬಂದ. ಇವತ್ತು ತಂದದ್ದನ್ನು ಬೆರಳಡಿಗೆ ಇಟ್ಟು, ‘ನೀರು ಕುಡೀತೀಯೇನೇ?’ ಎಂದು ಕೇಳಿ, ಹಾಸಿಗೆಗೆ ಕಿವಿಕೊಟ್ಟು ಕೂತ. ಬೆರಳು ಅಲುಗಿತು, ಸದ್ದು ಬರಲಿಲ್ಲ. ಇದಕ್ಕಿಂತ ಮೆತ್ತಗಿನದು ಬುಟ್ಟಿಯಲ್ಲಿ ಇರಲಿಲ್ಲ.