ಚಾತುವಿನ ಡಿಸ್ಕ್ ಪರೀಕ್ಷೆ

ಕಲ್ಲೂರಿನ ಮೆಣಸಿನ ವ್ಯಾಪಾರಿ ಚಾತು ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ವೇಗ ಅಳೆಯುತ್ತಾನೆ. ಬೇಡದ ಫೈಲುಗಳನ್ನು ಅಳಿಸಿ, ಚದುರಿದವನ್ನು ಒಟ್ಟುಗೂಡಿಸಿ ಮತ್ತೆ ಅಳೆದಾಗ ಅಂಕಿ ಎರಡು ಏರಿದರೆ ಸಾಕು, ಬಸ್ಸಿಗೆ ಕಾದವರಿಗೂ ಕೂಗಿ ಹೇಳುತ್ತಾನೆ. "ಅದು ಓಡಿ ಎಲ್ಲಿಗೆ ಹೋಗ್ಬೇಕು?" ಎಂದು ಹೆಂಡತಿ ಕೌಸಲ್ಯ ನಗುತ್ತಾಳೆ. ಒಂದು ಬೆಳಿಗ್ಗೆ ವೇಗ ಅರ್ಧಕ್ಕಿಳಿದು, ಎಷ್ಟು ಉಪಚರಿಸಿದರೂ ಏರಲಿಲ್ಲ. ಡಿಸ್ಕು ಕೆಡುತ್ತಿದೆಯೆಂದು ಅರಿತ ಚಾತು ಊಟ ಬಿಟ್ಟು ಕೂತು, ನೂಲ್ಪುಳದ ಮುದುಕಿ ವೆಳ್ಳಚ್ಚಿಗೊಬ್ಬಳಿಗೇ ಬರುವ, ತಾನು ಹಿಂದೆ ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ನಾಟಿ ಹಾಡುಗಳನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿಕೊಂಡ. ಗದ್ದೆಯಲ್ಲಿ ಬಗ್ಗಿ ಪೈರು ನೆಡುವವರ ಕೈ ಓಡುವುದು ಆ ಹಾಡುಗಳ ತಾಳಕ್ಕೇ. ಸಂಜೆಗೆ ಹಳೆಯ ಡಿಸ್ಕು ನಿಂತೇಹೋಯಿತು. ಮರುದಿನ ವೆಳ್ಳಚ್ಚಿಯನ್ನು ಕರೆಸಿ, "ನಿನ್ನ ಹಾಡೆಲ್ಲ ಉಳೀತು. ಈ ಡಿಸ್ಕಿಗೆ ಹತ್ತು ಪಟ್ಟು ಸ್ಪೀಡು!" ಎಂದು ಬೀಗಿದ. ಮುದುಕಿ ಗಾಬರಿಯಾದಳು. "ಅಷ್ಟು ಓಡಿಸ್ಬೇಡ ಮಗಾ, ನಾಟಿ ಮಾಡೋರ ಸೊಂಟ ಬಿದ್ದೋಗ್ತದೆ!"